ಸಿಟ್ಟು ಬರಿಸುವ ಫಾರ್ವರ್ಡ್ ಬಂದಾಗ ಏನು ಮಾಡಬೇಕು: ಕೊಡಗಿನವರಿಗೆ ಹಂತ ಹಂತದ ಮಾರ್ಗದರ್ಶಿ

"ಚೆಕ್ ಮಾಡಿಯೇ ಹಾಕಿದ್ದು, ಆದರೂ ಸುಳ್ಳಾಯಿತು" ಅನ್ನುವವರು ಪ್ರತಿ ಮಳೆಗಾಲದಲ್ಲೂ ಸಿಗುತ್ತಾರೆ. ಏನು ಚೆಕ್ ಮಾಡಿದಿರಿ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಇನ್ನೊಂದು ಗ್ರೂಪ್‌ನಲ್ಲೂ ಅದೇ ಇತ್ತು, ಕಳಿಸಿದವರು ಗೊತ್ತಿರುವವರೇ, ವಿಡಿಯೊದಲ್ಲಿ ಕಣ್ಣಿಗೇ ಕಾಣ್ತಾ ಇತ್ತಲ್ಲ. ಈ ಮೂರರಲ್ಲಿ ಯಾವುದೂ ಪರಿಶೀಲನೆ ಆಗುವುದಿಲ್ಲ. ಒಂದೇ ಕಡೆಯಿಂದ ಹೊರಟ ವಿಡಿಯೊ ಹತ್ತು ಗ್ರೂಪ್‌ಗೆ ಬಂದರೆ ಸಾಕ್ಷಿ ಒಂದೇ, ಹತ್ತಲ್ಲ.

ಇಲ್ಲಿರುವ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ: ಮೊದಲು ಕಾಮೆಂಟ್ ಹಾಕುತ್ತಾರೆ, ಆಮೇಲೆ ಹುಡುಕುತ್ತಾರೆ. ಒಂದು ಸಲ ನಾಲ್ಕು ಜನರ ಎದುರು ಬೈದಾಯಿತು ಅಂದ ಮೇಲೆ ತಾನು ಹೇಳಿದ್ದೇ ಸರಿ ಅನ್ನುವುದಕ್ಕೆ ಏನು ಸಿಗುತ್ತದೋ ಅದನ್ನಷ್ಟೇ ಕಣ್ಣು ಹುಡುಕುತ್ತದೆ.

ಕೊಡಗಿನಲ್ಲಿ ಇದರ ಪೆಟ್ಟು ಜಾಸ್ತಿ. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯಲ್ಲಿ ಇರುವುದೇ ಐದೂವರೆ ಲಕ್ಷ ಜನ. ಒಂದು ಹೆಸರು ಹಾಕಿದರೆ ಸಾಕು, ಅವರ ತೋಟ ಎಲ್ಲಿ, ಮಕ್ಕಳು ಯಾವ ಶಾಲೆ ಅಂತ ಅರ್ಧ ಊರಿಗೆ ಗೊತ್ತಿರುತ್ತದೆ. ಫೋನಿನಲ್ಲಿ ಯಾರನ್ನು ಬಾಯ್ಕಾಟ್ ಮಾಡಿದಿರೋ ಅವರ ಪಕ್ಕದಲ್ಲೇ ಮುಂದಿನ ಮದುವೆಯಲ್ಲಿ ಊಟಕ್ಕೆ ಕೂರಬೇಕಾಗುತ್ತದೆ.

ಹಂತಗಳು ಅರ್ಥವಾಗಲಿ ಅಂತ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಜುಲೈ ತಿಂಗಳ ಸಂಜೆ. ಅರ್ಧ ನಿಮಿಷದ ವಿಡಿಯೊ ಬರುತ್ತದೆ. ಜೀಪಿನ ಪಕ್ಕ ನಿಂತ ಗಂಡಸೊಬ್ಬ ಮಕ್ಕಳಿರುವ ಕುಟುಂಬದ ಮೇಲೆ ಕೂಗಾಡುತ್ತಿದ್ದಾನೆ, ಬ್ಯಾಗುಗಳು ಅಂಗಳದಲ್ಲಿ ಬಿದ್ದಿವೆ. ಮೇಲೆ ಬರಹ: "ಮಡಿಕೇರಿ ಹತ್ತಿರದ ಹೋಂಸ್ಟೇ. ಇವತ್ತು ಬೆಳಿಗ್ಗೆ ಪುಟ್ಟ ಮಕ್ಕಳನ್ನು ಮಳೆಯಲ್ಲಿ ಹೊರಗೆ ಹಾಕಿದ ರಾಕ್ಷಸ. ಮಾಧ್ಯಮದವರು ಇದನ್ನು ತೋರಿಸಲ್ಲ. ಎಲ್ಲರೂ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಡಿ, ಮುಚ್ಚುವ ತನಕ ಬಿಡಬೇಡಿ." ಕೆಳಗೆ ಒಂದು ಫೋನ್ ನಂಬರ್.

## ಮೊದಲು ಕೈಯಲ್ಲಿ ಇರಬೇಕಾದದ್ದು

ದೊಡ್ಡ ಸಾಮಾನು ಏನೂ ಬೇಡ. ಫೋನಿನಲ್ಲಿ ಚಿತ್ರ ಹಾಕಿ ಹುಡುಕುವ ಗೂಗಲ್ ಲೆನ್ಸ್, ಗೂಗಲ್ ಮ್ಯಾಪ್ಸ್, ಯೂಟ್ಯೂಬ್, ಗೂಗಲ್ ಟ್ರಾನ್ಸ್‌ಲೇಟ್ ಇದ್ದರೆ ಸಾಕು. ಟಿನ್‌ಐ ಅನ್ನುವ ವೆಬ್‌ಸೈಟ್ ಗೊತ್ತಿದ್ದರೆ ಒಳ್ಳೆಯದು, ಅದರಲ್ಲಿ ಒಂದು ಫೋಟೊದ ಅತಿ ಹಳೆಯ ಪ್ರತಿ ಮೊದಲು ಬರುವ ಹಾಗೆ ಜೋಡಿಸಿ ನೋಡಬಹುದು. ಒಂದು ನೋಟ್‌ಬುಕ್ ಅಥವಾ ಫೋನಿನ ನೋಟ್ಸ್. ಇನ್ನೊಂದು ಬೇಕು, ಬೇರೆ ಊರಿನವರಿಗೆ ಸಿಗದ್ದು: ಆ ಜಾಗದ ಪಕ್ಕದಲ್ಲೇ ಇರುವ ಒಬ್ಬರ ಫೋನ್ ನಂಬರ್. ಸೋಮವಾರಪೇಟೆಯ ಸುದ್ದಿಗೆ ಸೋಮವಾರಪೇಟೆಯವರು, ಕುಟ್ಟದ ಸುದ್ದಿಗೆ ಕುಟ್ಟದವರು. ನಮ್ಮ ಜಿಲ್ಲೆಯಲ್ಲಿ ಇದು ಸಿಗದೇ ಇರುವುದು ಕಷ್ಟ, ಯಾರಾದರೊಬ್ಬರು ನೆಂಟರು ಇದ್ದೇ ಇರುತ್ತಾರೆ.

ಚಾಟ್‌ಬಾಟ್‌ಗೆ ವಿಡಿಯೊ ಹಾಕಿ "ಇದು ನಿಜನಾ" ಅಂತ ಕೇಳುವುದನ್ನು ಪರಿಶೀಲನೆ ಅಂದುಕೊಳ್ಳಬೇಡಿ. ಅದು ಧೈರ್ಯವಾಗಿ ತಪ್ಪು ಹೇಳಬಲ್ಲದು.

## ಹಂತ 1: ಏನನ್ನೂ ಒತ್ತಬೇಡಿ

ಫಾರ್ವರ್ಡ್ ಬೇಡ, ಕಾಮೆಂಟ್ ಬೇಡ, ಸಿಟ್ಟಿನ ಇಮೋಜಿ ಕೂಡ ಬೇಡ. ಇಮೋಜಿಯಿಂದ ಏನಾಗುತ್ತದೆ ಅಂತೀರಾ? 2017ರಿಂದ ಕೆಲವು ವರ್ಷ ಫೇಸ್‌ಬುಕ್ಕಿನ ಲೆಕ್ಕದಲ್ಲಿ ಒಂದು ಸಿಟ್ಟಿನ ಇಮೋಜಿಗೆ ಒಂದು ಲೈಕಿನ ಐದು ಪಟ್ಟು ತೂಕ ಇತ್ತು. ಜನ ಸಿಟ್ಟಾದಷ್ಟೂ ಆ ಪೋಸ್ಟ್ ಇನ್ನಷ್ಟು ಜನರ ಮುಂದೆ ಹೋಗುತ್ತಿತ್ತು. 2020ರ ಹೊತ್ತಿಗೆ ಆ ತೂಕವನ್ನು ಸೊನ್ನೆಗೆ ಇಳಿಸಿದರು. ಆದರೆ ಬೈಯಲಿಕ್ಕೆ ಅಂತ ಹಾಕಿದ ಕಾಮೆಂಟ್ ಈಗಲೂ ಪೋಸ್ಟಿಗೆ ಬಲವೇ. "ಎಂಥ ಸುಳ್ಳು ಇದು" ಅಂತ ಬರೆದು ಶೇರ್ ಮಾಡಿದರೂ ನೀವು ಶೇರ್ ಮಾಡಿದಂತೆಯೇ.

ಒಳಗಿನ ಕಥೆಯೂ ಇದೆ. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 7,331 ಟ್ವಿಟರ್ ಬಳಕೆದಾರರ 1 ಕೋಟಿ 27 ಲಕ್ಷ ಟ್ವೀಟುಗಳನ್ನು ನೋಡಿ ಹೇಳಿದ್ದು ಇದು: ಸಿಟ್ಟಿನ ಪೋಸ್ಟಿಗೆ ಲೈಕ್, ಶೇರ್ ಸಿಕ್ಕವರು ಮುಂದೆ ಇನ್ನಷ್ಟು ಸಿಟ್ಟಿನ ಪೋಸ್ಟುಗಳನ್ನೇ ಹಾಕುತ್ತಾರೆ. ಹಾಗಾಗಿ ನಿಮ್ಮ ಗ್ರೂಪ್‌ನಲ್ಲಿ ದಿನಾ ಬೆಳಿಗ್ಗೆ ಯಾರನ್ನಾದರೂ ಬೈಯುವವರಿಗೆ ಹೆಬ್ಬೆರಳು ಎತ್ತಿ ತೋರಿಸುವ ಮುಂಚೆ ಸ್ವಲ್ಪ ಯೋಚಿಸಿ.

ಅಪಾಯದ ಗುರುತುಗಳು. ನಮ್ಮ ಉದಾಹರಣೆಯಲ್ಲೇ ನೋಡಿ. ದಿನಾಂಕ ಇಲ್ಲ, "ಇವತ್ತು ಬೆಳಿಗ್ಗೆ" ಅಂತಷ್ಟೇ ಇದೆ. ಎಂದು ಫಾರ್ವರ್ಡ್ ಆದರೂ ಅದು "ಇವತ್ತೇ". ಜಾಗದ ಹೆಸರು ಇಲ್ಲ, "ಮಡಿಕೇರಿ ಹತ್ತಿರ". "ಮಾಧ್ಯಮದವರು ತೋರಿಸಲ್ಲ" ಅನ್ನುವ ಮಾತು, ಅಂದರೆ ಪೇಪರಿನಲ್ಲಿ ಯಾಕಿಲ್ಲ ಅಂತ ನೀವು ಕೇಳುವ ಮುಂಚೆಯೇ ಉತ್ತರ ರೆಡಿ. ಮಾಡಬೇಕಾದ ಕೆಲಸವನ್ನೂ ಅವರೇ ಹೇಳಿಬಿಟ್ಟಿದ್ದಾರೆ. ಕೊನೆಗೆ ಖಾಸಗಿ ಫೋನ್ ನಂಬರ್, ಅದೊಂದೇ ಸಾಕು ನೀವು ನಿಲ್ಲಿಸಲಿಕ್ಕೆ. ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ಕಳಿಸಿದ ನಿಮ್ಮ ಸ್ನೇಹಿತರು ಆ ಜಾಗದಲ್ಲಿ ಇರಲಿಲ್ಲ.

## ಹಂತ 2: ಉಳಿಸಿಕೊಳ್ಳಿ

ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರು, ಸಮಯ, ಬರಹ ಮೂರೂ ಕಾಣಬೇಕು. ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಆದರೆ ಲಿಂಕ್ ಕಾಪಿ ಮಾಡಿ ಇಡಿ. ಗಲಾಟೆ ದೊಡ್ಡದಾದ ಕೂಡಲೇ ಮೊದಲು ಹಾಕಿದವರು ಡಿಲೀಟ್ ಮಾಡುತ್ತಾರೆ, ಅದೇ ಹೊತ್ತಿಗೆ ಬರಹ ಬದಲಾದ ಇನ್ನೊಂದು ಪ್ರತಿ ಓಡಾಡುತ್ತಿರುತ್ತದೆ.

## ಹಂತ 3: ಆರೋಪವನ್ನು ಒಂದು ವಾಕ್ಯಕ್ಕೆ ಇಳಿಸಿ

ರಾಕ್ಷಸ, ಪುಟ್ಟ ಮಕ್ಕಳು, ಮುಚ್ಚುವ ತನಕ ಇವನ್ನೆಲ್ಲ ತೆಗೆದುಹಾಕಿ. ಉಳಿಯುವುದು: "ಇಂಥ ದಿನ, ಮಡಿಕೇರಿ ತಾಲ್ಲೂಕಿನ ಇಂಥ ಹೋಂಸ್ಟೇಯ ಮಾಲೀಕ, ಬುಕಿಂಗ್ ಮಾಡಿದ್ದ ಕುಟುಂಬವನ್ನು ಕಾರಣವಿಲ್ಲದೆ ಹೊರಗೆ ಹಾಕಿದ." ಈಗ ಪರೀಕ್ಷೆ ಮಾಡಬೇಕಾದ್ದು ಐದು ಸಂಗತಿ ಅಂತ ಗೊತ್ತಾಯಿತು: ದಿನ, ಜಾಗ, ವ್ಯಕ್ತಿ, ಬುಕಿಂಗ್, ಕಾರಣ. ವಿಡಿಯೊದಲ್ಲಿ ಕಾಣುವುದು ಯಾರೋ ಕೂಗಾಡುವುದು ಮಾತ್ರ. ಐದರಲ್ಲಿ ಒಂದೂ ಅದರಲ್ಲಿ ಇಲ್ಲ, ಎಲ್ಲವೂ ಮೇಲಿನ ಬರಹದಿಂದ ಇಲ್ಲವೇ ಅದನ್ನು ಓದಿದ ನಮ್ಮ ಊಹೆಯಿಂದ ಬಂದದ್ದು.

ಹೀಗೆ ಒಂದು ವಾಕ್ಯ ಮಾಡಲಿಕ್ಕೆ ಆಗದ ಫಾರ್ವರ್ಡ್‌ಗಳೂ ಇರುತ್ತವೆ, ಬರೀ ಬೈಗುಳ. ಅಂಥದ್ದನ್ನು ಅಲ್ಲೇ ಬಿಡಿ.

## ಹಂತ 4: ಜಾಗ ಮತ್ತು ಕಾಲವನ್ನು ಹಿಡಿಯಿರಿ

ಇದಕ್ಕೆ ಸಮಯ ಕೊಡಿ. ವಿಡಿಯೊವನ್ನು ಮೊದಲು ಸೌಂಡ್ ಇಲ್ಲದೆ ನೋಡಿ. ಆಮೇಲೆ ಚಿತ್ರ ನೋಡದೆ ಸೌಂಡ್ ಮಾತ್ರ ಕೇಳಿ. ಕೂಗಾಡುವ ಮನುಷ್ಯನನ್ನು ಬಿಟ್ಟು ಅವನ ಹಿಂದೆ ಏನಿದೆ ಅಂತ ನೋಡಿ.

ಗಿಡ ನೋಡಿ. ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಬೇಡ. ಜುಲೈಯಲ್ಲಿ ಕಾಫಿ ಕಾಯಿ ಹಸಿರು. ಅರೇಬಿಕಾ ಹಣ್ಣಾಗುವುದು ನವೆಂಬರ್ ಹೊತ್ತಿಗೆ, ರೊಬಸ್ಟಾ ಡಿಸೆಂಬರ್ ಕಳೆದ ಮೇಲೆ. ವಿಡಿಯೊದ ಮೂಲೆಯಲ್ಲಿ ಕೊಂಬೆ ತುಂಬ ಕೆಂಪು ಹಣ್ಣು ಕಂಡರೆ, ಇಲ್ಲವೇ ಕಣದಲ್ಲಿ ಕಾಫಿ ಒಣಗಲಿಕ್ಕೆ ಹರಡಿದ್ದರೆ, ಅದು "ಇವತ್ತು ಬೆಳಿಗ್ಗೆ" ತೆಗೆದದ್ದಲ್ಲ. ತೋಟ ಪೂರ್ತಿ ಬಿಳಿ ಹೂ ಬಿಟ್ಟಿದ್ದರೆ ಅದು ಹೂಮಳೆ ಬಿದ್ದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಗದ್ದೆಯಲ್ಲಿ ಪೈರು ಹಳದಿಯಾಗಿದ್ದರೆ ಹುತ್ತರಿ ಸುಗ್ಗಿ ಹಬ್ಬದ ಆಸುಪಾಸು, ಅಂದರೆ ನವೆಂಬರ್-ಡಿಸೆಂಬರ್. ನೆಲ ಒಣಗಿ ಧೂಳು ಏಳುತ್ತಿದ್ದರೆ, ಮಳೆಯಲ್ಲಿ ಹೊರಗೆ ಹಾಕಿದ್ದು ಎಲ್ಲಿಂದ ಬಂತು?

ಬರೀ ಕಾಫಿ ಗಿಡ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಕಂಡಿತು ಅಂತ ಕೊಡಗು ಅನ್ನಬೇಡಿ. ವಯನಾಡು, ಸಕಲೇಶಪುರ, ಚಿಕ್ಕಮಗಳೂರು ಎಲ್ಲ ಹಾಗೇ ಕಾಣುತ್ತವೆ. ಆನೆ ತೋಟಕ್ಕೆ ನುಗ್ಗಿದ ವಿಡಿಯೊಗಳಲ್ಲಿ ಈ ಗೊಂದಲ ತುಂಬಾ ಆಗುತ್ತದೆ, ಅರಣ್ಯ ಇಲಾಖೆಯವರಿಗೆ ಬೈಗುಳವೂ ಬೀಳುತ್ತದೆ, ಆನೆ ನೋಡಿದರೆ ಬೇರೆ ರಾಜ್ಯದ್ದು.

ನಂಬರ್ ಪ್ಲೇಟ್ ನೋಡಿ. ಕೆಎ 12 ಅಂದರೆ ನಮ್ಮದು. ಕೆಎ 18 ಚಿಕ್ಕಮಗಳೂರು, ಕೆಎ 46 ಸಕಲೇಶಪುರ, ಕೆಎಲ್ 12 ವಯನಾಡು, ಕೆಎಲ್ 13 ಕಣ್ಣೂರು, ಟಿಎನ್ 43 ನೀಲಗಿರಿ. ಪ್ರವಾಸಿಗರ ಕಾರು ಎಲ್ಲಿಯದ್ದೂ ಆಗಬಹುದು, ಅದರಿಂದ ಏನೂ ಹೇಳಲಿಕ್ಕಾಗದು. ಊರಲ್ಲೇ ಓಡಾಡುವ ಆಟೊ, ಪಿಕಪ್, ಸ್ಕೂಟರ್ ಪ್ಲೇಟ್ ನೋಡಬೇಕು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಯಾವ ಲಿಪಿಯಲ್ಲಿದೆ ಅಂತಲೂ ನೋಡಿ.

ಮಾತು ಕೇಳಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲ ಕಿವಿಗೆ ಬಿದ್ದು ಬೆಳೆದವರು ನಾವು. ಹಿಂದಿನಿಂದ ಬರುವ ಒಂದು ಮಾತು ಸಾಕು ಊರು ಗೊತ್ತಾಗಲಿಕ್ಕೆ. ಜನ ಮಾತಾಡುವ ಬಾಯಿಗೂ ಸೌಂಡಿಗೂ ತಾಳೆ ಆಗದಿದ್ದರೆ ಯಾರೋ ಬೇರೆ ಆಡಿಯೊ ಸೇರಿಸಿರಬಹುದು.

ಎಲ್ಲರೂ ಮಾಡುವ ತಪ್ಪು: ಗ್ಯಾಲರಿಯಲ್ಲಿ ಫೋಟೊದ ಡೀಟೇಲ್ಸ್ ತೆಗೆದು "ನೋಡಿ, ನಿನ್ನೆಯ ತಾರೀಖೇ ಇದೆ" ಅನ್ನುವುದು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊದಲ್ಲಿ ಮೂಲ ಮಾಹಿತಿ ಅಳಿಸಿಹೋಗಿರುತ್ತದೆ. ನಿಮಗೆ ಕಾಣುವ ತಾರೀಖು ಅದು ನಿಮ್ಮ ಫೋನಿಗೆ ಇಳಿದ ದಿನ.

## ಹಂತ 5: ಮೊದಲ ಪ್ರತಿ ಎಲ್ಲಿದೆ ಹುಡುಕಿ

ವಿಡಿಯೊವನ್ನು ಬೇರೆ ಬೇರೆ ಕಡೆ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲಿನ ಬರಹ, ಲೋಗೊ ಎಲ್ಲ ಕತ್ತರಿಸಿ, ಬರೀ ದೃಶ್ಯ ಉಳಿಸಿ ಲೆನ್ಸ್‌ಗೆ ಹಾಕಿ. ಇಡೀ ಸ್ಕ್ರೀನ್‌ಶಾಟ್ ಹಾಕಿದರೆ ಲೆನ್ಸ್ ಅಕ್ಷರಗಳ ಹಿಂದೆ ಹೋಗುತ್ತದೆ, ಅದೇ ಫಾರ್ವರ್ಡ್‌ಗಳೇ ಮತ್ತೆ ಸಿಗುತ್ತವೆ. ಸಿಗದಿದ್ದರೆ ಎಡಬಲ ತಿರುಗಿಸಿ ಇನ್ನೊಮ್ಮೆ ನೋಡಿ, ಕೆಲವರು ಸಿಕ್ಕಿಬೀಳಬಾರದು ಅಂತ ತಿರುಗಿಸಿಯೇ ಹಾಕುತ್ತಾರೆ.

ಆಮೇಲೆ ಮಾತಿನಲ್ಲಿ ಹುಡುಕಿ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಟ್ರಾನ್ಸ್‌ಲೇಟ್ ಮಾಡಿ ಮಲಯಾಳದಲ್ಲಿ ಒಮ್ಮೆ. ಈ ಮೂರನೆಯದನ್ನು ಯಾರೂ ಮಾಡುವುದಿಲ್ಲ, ಹೆಚ್ಚು ಸಲ ಉತ್ತರ ಸಿಗುವುದು ಅಲ್ಲೇ. ಆಲ್ಟ್ ನ್ಯೂಸ್, ಬೂಮ್, ನ್ಯೂಸ್‌ಚೆಕರ್ ಕನ್ನಡ ಇಂಥ ಸುದ್ದಿ ಪರಿಶೀಲಿಸುವ ವೆಬ್‌ಸೈಟ್‌ಗಳಲ್ಲಿ ಅದಾಗಲೇ ಯಾರಾದರೂ ನೋಡಿದ್ದಾರಾ ಅಂತಲೂ ಹುಡುಕಿ. ಅಲ್ಲಿ ಏನೂ ಇಲ್ಲ ಅಂದರೆ ಸುದ್ದಿ ನಿಜ ಅಂತಲ್ಲ. ಯಾರೂ ಇನ್ನೂ ನೋಡಿಲ್ಲ ಅಷ್ಟೇ.

ಮಳೆಗಾಲದಲ್ಲಿ ಈ ಹಂತ ಬಿಡಲೇಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬರೆ ಕುಸಿದಾಗಿನ ದೃಶ್ಯಗಳು, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದ ಭೂಕುಸಿತದ ದೃಶ್ಯಗಳು ನೆಟ್‌ನಲ್ಲಿ ಬೇಕಾದಷ್ಟು ಬಿದ್ದಿವೆ. "ಸಂಪಾಜೆ ಘಾಟ್ ಈಗ, ಅಧಿಕಾರಿಗಳು ನಿದ್ದೆ" ಅಂತ ಬರೆದು ಅವುಗಳಲ್ಲಿ ಒಂದನ್ನು ಅಂಟಿಸಲಿಕ್ಕೆ ಒಂದು ನಿಮಿಷ ಸಾಕು. ರಸ್ತೆ, ಮಳೆ, ಡ್ಯಾಂ ವಿಷಯ ಆದರೆ ಜಿಲ್ಲಾಡಳಿತದ ಪ್ರಕಟಣೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ನೋಡಿ, ಇಲ್ಲವೇ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ. ಹಾರಂಗಿ ಗೇಟ್ ತೆಗೆದರೋ ಇಲ್ಲವೋ ಅಂತ ಬೆಂಗಳೂರಿನಲ್ಲಿರುವ ಭಾವನ ಸ್ಟೇಟಸ್ ನೋಡಿ ತಿಳಿಯಬೇಕಾಗಿಲ್ಲ.

ಇದನ್ನು ಬಿಟ್ಟರೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ದೇಶವೆಲ್ಲ ಓಡಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿಗೆ ಮಾಡಿದ ವಿಡಿಯೊ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಡುವ ಭಾಗ, ಸಂದೇಶದ ಭಾಗ ಕತ್ತರಿಸಿ ಹರಡಿದ್ದರು. ಅದೇ ವರ್ಷ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಜತೆಗಿದ್ದ ಸ್ನೇಹಿತ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ, ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಗುಂಪು ಹೊಡೆದು ಕೊಂದಿತು. ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ತಂದದ್ದು ಆ ದಿನಗಳಲ್ಲೇ. ನಮ್ಮ ತೋಟಗಳಲ್ಲಿ, ಕಾರ್ಮಿಕರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ, ಬೇರೆ ಕಡೆಯಿಂದ ಬಂದ ಎಷ್ಟೋ ಕುಟುಂಬಗಳಿವೆ. "ಅಪರಿಚಿತರು ಓಡಾಡುತ್ತಿದ್ದಾರೆ, ಹುಷಾರ್" ಅನ್ನುವ ಒಂದು ಫೋಟೊ ಅವರ ಪಾಲಿಗೆ ಏನಾಗಬಹುದು ಅಂತ ಯೋಚಿಸಿ. ಅನುಮಾನ ಇದ್ದರೆ 112ಕ್ಕೆ ಹೇಳಿ. ಫೋಟೊ ಗ್ರೂಪ್‌ಗೆ ಬೇಡವೇ ಬೇಡ.

## ಹಂತ 6: ಕತ್ತರಿಸಿದ ಭಾಗವನ್ನು ಕೇಳಿ

ಜಾಗ ನಮ್ಮದೇ, ದಿನವೂ ಇವತ್ತಿನದೇ ಅಂತ ಆಯಿತು ಅಂದುಕೊಳ್ಳಿ. ಇಲ್ಲೇ ಜನ "ಹಾಗಾದರೆ ನಿಜ" ಅಂತ ಹೊರಟುಬಿಡುತ್ತಾರೆ. ವಿಡಿಯೊ ಅಸಲಿ ಇರಬಹುದು, ಕಥೆ ನಕಲಿ ಇರಬಹುದು.

ಅದು ಶುರುವಾದದ್ದು ಎಲ್ಲಿಂದ? ಮೊದಲ ಸೆಕೆಂಡಿನಲ್ಲೇ ಒಬ್ಬ ಕೂಗುತ್ತಿದ್ದರೆ ಅದಕ್ಕಿಂತ ಮುಂಚೆ ಏನೋ ಆಗಿದೆ. ಫೋನ್ ಹಿಡಿದವರು ಯಾರ ಕಡೆಯವರು? ಪಕ್ಕದ ಊರಿನ ನಿಮ್ಮ ಪರಿಚಯದವರಿಗೆ ಫೋನ್ ಮಾಡಿ, ಆದರೆ "ಏನಾಯ್ತಂತೆ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಅವರೂ ಅದೇ ಫಾರ್ವರ್ಡ್ ಓದಿ ಹೇಳುತ್ತಾರೆ. "ನೀವು ನೋಡಿದ್ರಾ, ನೋಡಿದವರು ಯಾರು" ಅಂತ ಕೇಳಿ. ಆರೋಪ ಹೊತ್ತವರು ಏನಾದರೂ ಹೇಳಿದ್ದಾರಾ ಅಂತ ಅವರ ಪೇಜ್ ನೋಡಿ.

2021ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದು ನೆನಪಿದೆಯಲ್ಲ. ಊಟ ತಂದ ಡೆಲಿವರಿ ಹುಡುಗ ಮೂಗಿಗೆ ಹೊಡೆದ ಅಂತ ಮಹಿಳೆಯೊಬ್ಬರು ರಕ್ತ ಸೋರುವ ವಿಡಿಯೊ ಹಾಕಿದರು. ಜನ ಅವನ ಮೇಲೆ ಮುಗಿಬಿದ್ದರು, ಬಂಧನವೂ ಆಯಿತು. ಆಮೇಲೆ ಅವನು ತನ್ನ ಕಡೆಯ ಮಾತು ಹೇಳಿದ: ಚಪ್ಪಲಿಯಿಂದ ಹೊಡೆದದ್ದು ಅವರು, ತಡೆಯುವಾಗ ಅವರ ಉಂಗುರವೇ ಅವರ ಮೂಗಿಗೆ ತಾಗಿತು ಅಂತ. ತಕ್ಷಣ ಅದೇ ಜನ ಆಕೆಯ ಮೇಲೆ ತಿರುಗಿದರು. ಪೊಲೀಸರು ಅವನ ದೂರನ್ನೂ ದಾಖಲಿಸಿದರು. ಗಮನಿಸಬೇಕಾದ್ದು ಏನು ಅಂದರೆ, ಎರಡೂ ಸಲ ತೀರ್ಪು ಕೊಟ್ಟವರು ತನಿಖೆ ಮುಗಿಯಲಿಕ್ಕೆ ಕಾಯಲಿಲ್ಲ. ಎರಡನೇ ಸಲ ಬೈದವರಿಗೆ ತಾವು ನ್ಯಾಯ ಮಾಡುತ್ತಿದ್ದೇವೆ ಅಂತ ಇನ್ನೂ ಜಾಸ್ತಿ ಅನ್ನಿಸಿತು, ನನ್ನ ಪ್ರಕಾರ ಅದು ಮೊದಲನೆಯದಕ್ಕಿಂತ ಕೆಟ್ಟದ್ದು.

## ಹಂತ 7: ನಿಜವೇ ಆದರೆ, ಸರಿಯಾದ ಜಾಗದಲ್ಲಿ ಹೇಳಿ

ತಪ್ಪು ಮಾಡಿದವರನ್ನು ಸುಮ್ನೆ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ದೂರು ಕೊಡಿ. ದುಡ್ಡು ತೆಗೆದುಕೊಂಡು ರೂಮು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹೋಂಸ್ಟೇ ನಿಯಮದ ವಿಷಯ ಆದರೆ ಪ್ರವಾಸೋದ್ಯಮ ಇಲಾಖೆ. ಹಲ್ಲೆ, ಬೆದರಿಕೆ ಆದರೆ ಪೊಲೀಸ್.

ನೀವು ಅಲ್ಲಿ ಉಳಿದಿದ್ದರೆ ಮಾತ್ರ ರಿವ್ಯೂ ಬರೆಯಿರಿ. ಕಾಲಿಡದ ಜಾಗಕ್ಕೆ ಒಂದು ಸ್ಟಾರ್ ಕೊಟ್ಟರೆ ಮಾಲೀಕನ ಜತೆಗೆ ಅಡುಗೆಯವರು, ರೂಮು ಗುಡಿಸುವವರು ಎಲ್ಲರ ಹೊಟ್ಟೆಗೂ ಪೆಟ್ಟು. ಕೊಡಗಿನಲ್ಲಿ ಒಂದೇ ಹೆಸರಿನ ಹೋಂಸ್ಟೇಗಳೂ ಬೇಕಾದಷ್ಟಿವೆ, ಬೈಗುಳ ತಪ್ಪು ಮನೆಗೆ ಹೋಗುತ್ತದೆ.

ಕಾನೂನು ಕೂಡ ಗೊತ್ತಿರಲಿ. ಭಯ ಅಥವಾ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಸುಳ್ಳನ್ನು ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್, ಮಾನಹಾನಿಗೆ 356. 2024ರ ಜುಲೈ 1ರಿಂದ ಇವು ಜಾರಿಯಲ್ಲಿವೆ. ಬರೆದವರು ಮಾತ್ರವಲ್ಲ, ಹರಡಿದವರೂ ಸಿಕ್ಕಿಬೀಳಬಹುದು. ಇನ್ನೊಂದನ್ನು ಒಳ್ಳೆಯ ಮನಸ್ಸಿನವರೇ ಮಾಡುತ್ತಾರೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಫೋಟೊ ಹಾಕಿ "ನ್ಯಾಯ ಸಿಗಲಿ" ಅನ್ನುವುದು. ಅವರ ಗುರುತು ಬಹಿರಂಗಪಡಿಸುವುದೇ ಅಪರಾಧ. ಮಗು ಆದರೆ ಪೋಕ್ಸೊ ಕಾಯ್ದೆಯೂ ಬರುತ್ತದೆ.

## ಹಂತ 8: ಸುಳ್ಳು ಅಂತ ಗೊತ್ತಾದರೆ ಗ್ರೂಪ್‌ನಲ್ಲಿ ತಿದ್ದುವುದು

ಎಲ್ಲಿ ಹರಡಿತೋ ಅಲ್ಲೇ ಹೇಳಬೇಕು. ಅಮೆರಿಕದ ಎಂಐಟಿ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ವಿಟರ್‌ನಲ್ಲಿ ನಿಜ ಸುದ್ದಿ 1,500 ಜನರನ್ನು ಮುಟ್ಟಲಿಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಹಿಡಿದಿತ್ತು. ನಿಮ್ಮ ತಿದ್ದುಪಡಿ ತಾನಾಗಿ ಓಡುವುದಿಲ್ಲ, ನೀವೇ ಕೈಹಿಡಿದು ಕರೆದುಕೊಂಡು ಹೋಗಬೇಕು.

ಫಾರ್ವರ್ಡ್ ಮಾಡಿದವರು ಮನೆಯ ಹಿರಿಯರು ಆಗಿದ್ದರೆ ಮೊದಲು ಪ್ರತ್ಯೇಕವಾಗಿ ಹೇಳಿ. ಎಲ್ಲರ ಎದುರು ಹೇಳಿದರೆ ಅವರು ವಿಡಿಯೊ ಬಿಟ್ಟು ನಿಮ್ಮ ಮೇಲೆ ತಿರುಗುತ್ತಾರೆ, ಆಮೇಲೆ ಮಾತು ಹತ್ತು ವರ್ಷದ ಹಿಂದಿನ ಜಾಗದ ತಕರಾರಿಗೆ ಹೋಗಿ ನಿಲ್ಲುತ್ತದೆ. "ಮಾವ, ನೀವು ಹಾಕಿದ ವಿಡಿಯೊ ನೋಡಿದೆ. ಅದರಲ್ಲಿ ಕಾಫಿ ಹಣ್ಣಾಗಿದೆ ನೋಡಿ, ಹಿಂದೆ ನಿಂತ ಆಟೊ ಕೆಎಲ್ 12. ವಯನಾಡಿನ ಹಳೇ ವಿಡಿಯೊ, ಲಿಂಕ್ ಇಲ್ಲಿದೆ. ನೀವೇ ಗ್ರೂಪ್‌ನಲ್ಲಿ ಹೇಳಿಬಿಡಿ, ನಿಮ್ಮ ಮಾತು ಎಲ್ಲರೂ ಕೇಳ್ತಾರೆ." ಇಷ್ಟು ಸಾಕು. ಹಣ್ಣು ತೋರಿಸಿದರೆ ತೋಟದವರು ಒಪ್ಪುತ್ತಾರೆ, ವೆಬ್‌ಸೈಟ್ ತೋರಿಸಿದರೆ "ಅವರು ಯಾರ ಕಡೆಯವರು" ಅಂತ ಕೇಳುತ್ತಾರೆ.

ತಿದ್ದುವಾಗ ಸುಳ್ಳು ವಿಡಿಯೊವನ್ನು ಮತ್ತೆ ಅಂಟಿಸಬೇಡಿ. ಸ್ಕ್ರೀನ್‌ಶಾಟ್ ಬೇಕೇ ಬೇಕು ಅಂದರೆ ಚಿತ್ರದ ಮೇಲೆಯೇ ದಪ್ಪ ಅಕ್ಷರದಲ್ಲಿ "ಸುಳ್ಳು" ಅಂತ ಬರೆದು ಹಾಕಿ, ಕೆಳಗೆ ಬರೆದದ್ದನ್ನು ಯಾರೋ ಕತ್ತರಿಸಿ ಮುಂದೆ ಕಳಿಸುತ್ತಾರೆ.

## ಹಂತ 9: ಬೆಂಕಿ ನಿಮ್ಮ ಮನೆಗೇ ಬಂದರೆ

ಹೋಂಸ್ಟೇ, ಅಂಗಡಿ, ಜೀಪ್ ಸವಾರಿ ನಡೆಸುವವರು ಇದನ್ನು ಮೊದಲೇ ಓದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ಸಿಸಿಟಿವಿ ರೆಕಾರ್ಡಿಂಗ್ ಕಾಪಿ ಮಾಡಿ. ಹಾರ್ಡ್ ಡಿಸ್ಕ್ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ, ಕೆಲವು ದಿನ ಕಳೆದರೆ ನಿಮ್ಮ ಪರವಾದ ಒಂದೇ ಸಾಕ್ಷಿ ಇರುವುದಿಲ್ಲ. ಗಲಾಟೆಯ ಭಾಗ ಮಾತ್ರ ಅಲ್ಲ, ಅದಕ್ಕೆ ಒಂದು ಗಂಟೆ ಮುಂಚಿನಿಂದ ತೆಗೆಯಿರಿ. ಬುಕಿಂಗ್ ಮೆಸೇಜ್, ಅತಿಥಿಗಳ ರಿಜಿಸ್ಟರ್, ಹಣ ಬಂದ ದಾಖಲೆ, ಕಾಲ್ ಲಿಸ್ಟ್ ಒಟ್ಟಿಗೆ ಇಡಿ. ಬಂದ ಬೆದರಿಕೆ ಮೆಸೇಜುಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ.

ಆಮೇಲೆ ಒಂದೇ ಹೇಳಿಕೆ. ಚಿಕ್ಕದಾಗಿ, ದಿನಾಂಕ ಹಾಕಿ, ಏನಾಯಿತು ಅಂತ. ನಿಮ್ಮ ಕಡೆ ತಪ್ಪಿದ್ದರೆ ಅದನ್ನೂ ಬರೆಯಿರಿ. ಒಂದೊಂದು ಕಾಮೆಂಟಿಗೂ ಉತ್ತರ ಕೊಡುತ್ತಾ ಕೂತರೆ ಯಾವುದೋ ಒಂದು ಉತ್ತರದಲ್ಲಿ ನಾಲಿಗೆ ಜಾರುತ್ತದೆ, ನಾಳೆ ಅದೇ ಹೊಸ ಸ್ಕ್ರೀನ್‌ಶಾಟ್. ಅತಿಥಿಗಳ ಹೆಸರು, ಆಧಾರ್ ಪ್ರತಿ, ಫೋನ್ ನಂಬರ್ ಹಾಕಿ "ಇವರೇ ನೋಡಿ" ಅನ್ನಬೇಡಿ, ಆಗ ಕೇಸ್ ನಿಮ್ಮ ಮೇಲೆ ತಿರುಗುತ್ತದೆ. ಹುಡುಗರನ್ನು ಸೇರಿಸಿ ಐದು ಸ್ಟಾರ್ ಹಾಕಿಸುವುದೂ ಬೇಡ. ಗೂಗಲ್‌ನಲ್ಲಿ ಆ ರಿವ್ಯೂಗಳನ್ನು ಒಂದೊಂದಾಗಿ ರಿಪೋರ್ಟ್ ಮಾಡಿ.

ಬೆದರಿಕೆ ಇದ್ದರೆ 112, ಆನ್‌ಲೈನ್ ಕಿರುಕುಳಕ್ಕೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್. 1930 ಸಹಾಯವಾಣಿ ಇರುವುದು ಆನ್‌ಲೈನ್ ಮೋಸದಲ್ಲಿ ಹಣ ಹೋದ ಪ್ರಕರಣಗಳಿಗೆ, ಎರಡನ್ನೂ ಕಲೆಸಬೇಡಿ. 2021ರ ಐಟಿ ನಿಯಮಗಳ ಪ್ರಕಾರ ದೊಡ್ಡ ಕಂಪನಿಗಳು ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಲೇಬೇಕು, ಪೋಸ್ಟ್ ತೆಗೆಸಲಿಕ್ಕೆ ಅವರಿಗೆ ಬರೆಯಿರಿ.

## ಗ್ರೂಪ್ ಅಡ್ಮಿನ್‌ಗಳಿಗೆ

ಬೇರೆಯವರು ಹಾಕಿದ ಮೆಸೇಜನ್ನೂ ಅಡ್ಮಿನ್ ಎಲ್ಲರ ಫೋನಿನಿಂದ ಡಿಲೀಟ್ ಮಾಡಬಹುದು, ಎಷ್ಟೋ ಅಡ್ಮಿನ್‌ಗಳಿಗೆ ಇದೇ ಗೊತ್ತಿಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಡಿಲೀಟ್ ಮಾಡಿ, ಯಾಕೆ ತೆಗೆದಿರಿ ಅಂತ ಒಂದು ಸಾಲು ಬರೆಯಿರಿ. ಕಾರಣ ಹೇಳದೆ ತೆಗೆದರೆ "ಸತ್ಯ ಮುಚ್ಚಿಟ್ಟರು" ಅನ್ನುವ ಹೊಸ ಫಾರ್ವರ್ಡ್ ಹುಟ್ಟುತ್ತದೆ. ಜೋರು ಮಳೆಯ ರಾತ್ರಿ ರೂಮರ್ ಶುರುವಾದರೆ "ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು" ಅನ್ನುವ ಸೆಟ್ಟಿಂಗ್ ಹಾಕಿ. ತುರ್ತು ಇದ್ದವರು ಫೋನ್ ಮಾಡಲಿ ಅಂತ ನಿಮ್ಮ ನಂಬರ್, 112 ಮತ್ತು 1077 ಪಿನ್ ಮಾಡಿಡಿ. ಬೆಳಿಗ್ಗೆ ಜಿಲ್ಲಾಡಳಿತದ ಪ್ರಕಟಣೆ ಬಂದ ಮೇಲೆ ಗ್ರೂಪ್ ತೆರೆಯಿರಿ.